ರೊಟ್ಟಿ ಚಿಪ್ಸ್: ಬಣ್ಣ ಬಂದರೆ ಸಾಲದು, ನೀರು ಹೋಗಬೇಕು

ಉಳಿದ ರೊಟ್ಟಿಯನ್ನು ತುಂಡು ಮಾಡಿ, ಎಣ್ಣೆ ಸವರಿ, ಮಸಾಲೆ ಉದುರಿಸಿ ಓವನ್‌ಗೆ ಇಟ್ಟರೆ ಚಿಪ್ಸ್ ಆಯಿತು. ಹೇಳುವಾಗ ಇಷ್ಟೇ. ಮಾಡಿ ನೋಡಿದರೆ ಒಂದೇ ಟ್ರೇಯಿಂದ ಮೂರು ಥರದ ಚಿಪ್ಸ್ ಹೊರಗೆ ಬರುತ್ತವೆ. ಅಂಚಿನಲ್ಲಿದ್ದವು ಸೀದಿರುತ್ತವೆ. ನಡುವಿನವು ಒಳ್ಳೆಯ ಹೊಂಬಣ್ಣಕ್ಕೆ ಬಂದಿದ್ದರೂ ಕಚ್ಚಿದರೆ ಜಗ್ಗುತ್ತವೆ. ಇನ್ನು ಕೆಲವು ಆಗ ಗರಿಗರಿಯಾಗಿಯೇ ಇದ್ದು, ಡಬ್ಬಿ ಸೇರಿದ ಮರುದಿನಕ್ಕೆ ಮೆತ್ತಗಾಗುತ್ತವೆ.

ಇದಕ್ಕೆ ಮಾಡುವವರ ಕೈಗುಣವನ್ನು ದೂರಬೇಕಿಲ್ಲ. ಎಷ್ಟೋ ಪಾಕವಿಧಾನಗಳು ‘ಹೊಂಬಣ್ಣ ಬರುವವರೆಗೆ ಬೇಯಿಸಿ’ ಎಂದು ಹೇಳಿ ಮುಗಿಸುತ್ತವೆ. ತೊಂದರೆ ಇರುವುದೇ ಆ ಮಾತಿನಲ್ಲಿ. ಬಣ್ಣ ಬರುವುದು ಒಂದು ಕೆಲಸ, ಗರಿಗರಿಯಾಗುವುದು ಇನ್ನೊಂದು. ಎರಡೂ ಒಂದೇ ಓವನ್‌ನಲ್ಲಿ ನಡೆಯುವುದರಿಂದ ಒಂದನ್ನು ನೋಡಿ ಇನ್ನೊಂದೂ ಆಗಿಬಿಟ್ಟಿತು ಅಂದುಕೊಳ್ಳುತ್ತೇವೆ. ಇವೆರಡನ್ನು ಬೇರೆ ಬೇರೆಯಾಗಿ ನೋಡುವುದು ಅಭ್ಯಾಸವಾದರೆ ಎಷ್ಟು ಬಿಸಿ, ಎಷ್ಟು ಹೊತ್ತು, ಎಷ್ಟು ಎಣ್ಣೆ, ಯಾವ ಮಸಾಲೆ ಯಾವಾಗ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿ ಸಿಗುತ್ತಾ ಹೋಗುತ್ತದೆ.

ಗರಿಗರಿ ಆಗುವುದು ಹೇಗೆ

ಪೀಟಾ, ಲವಾಶ್, ಚಪಾತಿ, ಟಾರ್ಟಿಲಾ, ಹೆಸರು ಯಾವುದೇ ಇರಲಿ, ಎಲ್ಲವನ್ನೂ ಇಲ್ಲಿ ರೊಟ್ಟಿ ಎಂದೇ ಕರೆಯೋಣ. ಗೋಧಿ ಅಥವಾ ಮೈದಾದ ಮೆತ್ತನೆಯ ರೊಟ್ಟಿಯಲ್ಲಿ ತೂಕದ ಸುಮಾರು ಮೂರನೇ ಒಂದು ಭಾಗ ನೀರೇ ಇರುತ್ತದೆ. ಮೆಕ್ಕೆಜೋಳದ ಟಾರ್ಟಿಲಾದಲ್ಲಿ ಇನ್ನೂ ಜಾಸ್ತಿ. ಒಳ್ಳೆಯ ಚಿಪ್ಸ್‌ನಲ್ಲಿ ಉಳಿಯುವ ನೀರು ಶೇ. 2ರಿಂದ 4 ಮಾತ್ರ. ಅಂದರೆ ನಾವು ಓವನ್‌ನಲ್ಲಿ ಮಾಡುವ ಮುಖ್ಯ ಕೆಲಸ ಬೇಯಿಸುವುದಲ್ಲ. ರೊಟ್ಟಿ ಆಗಲೇ ಬೆಂದಿದೆ. ಇಲ್ಲಿ ಆಗಬೇಕಿರುವುದು ಒಣಗಿಸುವ ಕೆಲಸ.

ನೀರು ಹೋದರೆ ಗರಿಗರಿ ಯಾಕೆ ಆಗಬೇಕು? ಹಿಟ್ಟಿನಲ್ಲಿರುವ ಪಿಷ್ಟ ಮತ್ತು ಗ್ಲುಟೆನ್ ಎರಡೂ ಉದ್ದುದ್ದ ಸರಪಳಿಯಂಥ ಅಣುಗಳು. ಅವುಗಳ ನಡುವೆ ನೀರು ಇರುವಷ್ಟು ಹೊತ್ತು ಅವು ಒಂದರ ಮೇಲೊಂದು ಜಾರುತ್ತವೆ. ಅದಕ್ಕೇ ರೊಟ್ಟಿ ಮಡಚಿದರೆ ಮಡಚಿಕೊಳ್ಳುತ್ತದೆ. ನೀರು ಹೋಗುತ್ತಾ ಬಂದ ಹಾಗೆ ಜಾರಲು ಜಾಗ ಇಲ್ಲದೆ ಅವು ಇದ್ದಲ್ಲೇ ಬಿಗಿದುಕೊಳ್ಳುತ್ತವೆ. ಆಮೇಲೆ ಬಗ್ಗಿಸಿದರೆ ಬಗ್ಗುವುದಿಲ್ಲ, ಮುರಿಯುತ್ತದೆ. ಆಹಾರ ವಿಜ್ಞಾನದಲ್ಲಿ ಇದಕ್ಕೆ ಗಾಜಿನ ಸ್ಥಿತಿ ಎಂದೇ ಹೆಸರು.

ಈ ಎರಡು ಸ್ಥಿತಿಗಳ ನಡುವೆ ಒಂದು ಕೆಟ್ಟ ಘಟ್ಟ ಇದೆ. ಅರ್ಧಕ್ಕಿಂತ ಜಾಸ್ತಿ ನೀರು ಹೋಗಿದೆ, ಪೂರ್ತಿ ಹೋಗಿಲ್ಲ. ಆಗ ರೊಟ್ಟಿ ಮೆತ್ತಗೂ ಇರುವುದಿಲ್ಲ, ಗರಿಯಾಗಿಯೂ ಇರುವುದಿಲ್ಲ. ಹಲ್ಲಿಗೆ ಸಿಕ್ಕಿ ಜಗ್ಗುತ್ತದೆ. ‘ಚಿಪ್ಸ್ ಗಟ್ಟಿಯಾಯಿತು’ ಎಂದು ಜನ ಹೇಳುವಾಗ ಬಹಳ ಸಲ ನಡೆದಿರುವುದು ಇದೇ. ಜಾಸ್ತಿ ಬೇಯಿತೇನೋ ಅಂದುಕೊಂಡು ಮುಂದಿನ ಸಲ ಸಮಯ ಕಡಿಮೆ ಮಾಡುತ್ತಾರೆ. ಪರಿಸ್ಥಿತಿ ಇನ್ನೂ ಹಾಳಾಗುತ್ತದೆ. ಅದಕ್ಕೆ ಬೇಕಿದ್ದದ್ದು ಇನ್ನಷ್ಟು ಹೊತ್ತು.

ಅಡುಗೆಮನೆಯಲ್ಲಿ ಚಿಕ್ಕ ತಕ್ಕಡಿ ಇದ್ದರೆ ಈ ಮಾತನ್ನು ಕಣ್ಣಾರೆ ನೋಡಬಹುದು. ತಲಾ 60 ಗ್ರಾಂನ ನಾಲ್ಕು ಪೀಟಾ ತೆಗೆದುಕೊಂಡರೆ ಒಟ್ಟು 240 ಗ್ರಾಂ. ಅದರಲ್ಲಿ ನೀರು ಹತ್ತಿರ ಹತ್ತಿರ 77 ಗ್ರಾಂ. ಒಂದು ಟೇಬಲ್ ಚಮಚ ಎಣ್ಣೆ ಸವರಿದರೆ ಇನ್ನೊಂದು 14 ಗ್ರಾಂ ಸೇರಿ 254 ಗ್ರಾಂ ಆಗುತ್ತದೆ. ಚಿಪ್ಸ್ ನಿಜವಾಗಿ ಹದಕ್ಕೆ ಬಂದಾಗ ಅದೇ ತುಂಡುಗಳು 180ರಿಂದ 185 ಗ್ರಾಂ ತೂಗಬೇಕು. ಇನ್ನೂ 205 ಇದ್ದರೆ, ಬಣ್ಣ ಎಷ್ಟೇ ಚೆನ್ನಾಗಿರಲಿ, 20 ಗ್ರಾಂ ನೀರು ಒಳಗೇ ಕೂತಿದೆ. ಸಂಜೆಯೊಳಗೆ ಅದು ತನ್ನ ಕೆಲಸ ತೋರಿಸುತ್ತದೆ. ಒಂದೆರಡು ಸಲ ಹೀಗೆ ತೂಗಿ ನೋಡಿದರೆ ಸಾಕು, ಆಮೇಲೆ ಕೈಗೇ ಅಂದಾಜು ಸಿಗುತ್ತದೆ. ಹದಕ್ಕೆ ಬಂದ ಚಿಪ್ಸ್ ಕೈಯಲ್ಲಿ ಹಗುರ ಅನಿಸುತ್ತದೆ.

ಬಣ್ಣದ ಲೆಕ್ಕ ಬೇರೆ

ಹೊಂಬಣ್ಣ ಮತ್ತು ಹುರಿದ ಘಮ ಬರುವುದು ಮೈಯಾರ್ ಕ್ರಿಯೆಯಿಂದ. ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದರು. ಹಿಟ್ಟಿನಲ್ಲಿರುವ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಬಿಸಿಗೆ ಸೇರಿಕೊಂಡು ನೂರಾರು ಹೊಸ ವಾಸನೆ, ರುಚಿ, ಬಣ್ಣಗಳನ್ನು ಹುಟ್ಟಿಸುತ್ತವೆ. ಅಡುಗೆಯ ಮಟ್ಟಿಗೆ ಇದು ಜೋರಾಗಿ ನಡೆಯಬೇಕಾದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು.

ಒದ್ದೆ ರೊಟ್ಟಿಯ ಮೇಲ್ಮೈ ಆ ಬಿಸಿಗೆ ಏರುವುದೇ ಇಲ್ಲ. ಓವನ್ 180 ಡಿಗ್ರಿಯಲ್ಲಿದ್ದರೂ ಅಷ್ಟೇ. ನೀರು ಆವಿಯಾಗುತ್ತಾ ಬಿಸಿಯನ್ನೆಲ್ಲ ಹೊತ್ತುಕೊಂಡು ಹೋಗುತ್ತಿರುತ್ತದೆ. ಕೋಣೆಯ ಬಿಸಿಯಲ್ಲಿರುವ ನೀರನ್ನು ಕುದಿಯುವ ಹಂತಕ್ಕೆ ತರಲು ಎಷ್ಟು ಶಾಖ ಬೇಕೋ, ಆ ಕುದಿಯುವ ನೀರನ್ನು ಆವಿ ಮಾಡಲು ಅದರ ಆರೇಳು ಪಟ್ಟು ಬೇಕು. ಹಾಗಾಗಿ ಮೊದಲ ಕೆಲವು ನಿಮಿಷ ಟ್ರೇಯಲ್ಲಿ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಬಣ್ಣ ಬರುತ್ತದೆ. ಮೇಲ್ಮೈ ಒಣಗಿದ ಕ್ಷಣದಿಂದ ಬಿಸಿ ಸರಸರ ಏರುತ್ತದೆ, ಎರಡು ನಿಮಿಷ ಮೈಮರೆತರೆ ಕರಕಲು. ಕೊನೆಯ ಮೂರ್ನಾಲ್ಕು ನಿಮಿಷ ಓವನ್ ಬಿಟ್ಟು ಕದಲಬಾರದು ಎಂದು ಅನುಭವಸ್ಥರು ಹೇಳುವುದು ಇದಕ್ಕೇ.

ಅಂಚುಗಳು, ತ್ರಿಕೋನದ ಚೂಪು ತುದಿಗಳು ಮೊದಲು ಕಪ್ಪಾಗುವುದೂ ಇದೇ ಕಾರಣಕ್ಕೆ. ಅಲ್ಲಿ ನೀರು ಕಡಿಮೆ, ಬಿಸಿ ತಾಗುವ ಜಾಗ ಜಾಸ್ತಿ. ನಡುಭಾಗ ಇನ್ನೂ ನೀರು ಕಳೆದುಕೊಳ್ಳುತ್ತಿರುವಾಗಲೇ ತುದಿಗೆ ಬಣ್ಣ ಬಂದಿರುತ್ತದೆ.

ಈಗ ಬಿಸಿ ಎಷ್ಟಿರಬೇಕು ಎಂಬುದಕ್ಕೆ ಬರೋಣ. 220 ಡಿಗ್ರಿಯಲ್ಲಿಟ್ಟರೆ ಮೇಲ್ಮೈ ಬೇಗ ಒಣಗಿ, ಬೇಗ ಕೆಂಪಾಗುತ್ತದೆ. ಒಳಗಿನ ನೀರು ಹೊರಗೆ ಬರಲು ಸಮಯ ಸಿಗುವುದಿಲ್ಲ. ನೋಡಲು ಚಿಪ್ಸ್, ತಿನ್ನಲು ಜಗ್ಗುವ ರೊಟ್ಟಿ. 120 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಪೂರ್ತಿ ಗರಿಗರಿಯಾಗುತ್ತದೆ, ಆದರೆ ಬಿಳಿಚಿಕೊಂಡೇ ಇರುತ್ತದೆ, ಹುರಿದ ಘಮ ಇರುವುದಿಲ್ಲ. ಬಣ್ಣ ಮತ್ತು ಗರಿ ಎರಡು ಬೇರೆ ಕೆಲಸ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 175ರಿಂದ 180 ಡಿಗ್ರಿಯಲ್ಲಿ ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯುತ್ತವೆ. ಅದಕ್ಕೇ ಆ ಅಂಕಿ ಎಲ್ಲ ಕಡೆ ಕಾಣಿಸುತ್ತದೆ.

‘ಹೆಚ್ಚುಕಡಿಮೆ’ ಎಂಬ ಮಾತನ್ನು ಗಮನಿಸಿ. ರೊಟ್ಟಿ ಸ್ವಲ್ಪ ದಪ್ಪ ಇದ್ದರೆ, ಓವನ್ ಹೇಳುವ ಬಿಸಿಗೂ ಒಳಗಿರುವ ಬಿಸಿಗೂ ವ್ಯತ್ಯಾಸ ಇದ್ದರೆ ಲೆಕ್ಕ ತಪ್ಪುತ್ತದೆ. ಮನೆಯ ಓವನ್‌ಗಳಲ್ಲಿ ಈ ವ್ಯತ್ಯಾಸ ಮಾಮೂಲು. ಹಾಗಾಗಿ ಎರಡು ಹಂತದಲ್ಲಿ ಮಾಡುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ. ಮೊದಲು 175 ಡಿಗ್ರಿಯಲ್ಲಿ, ತೆಳು ಹೊಂಬಣ್ಣದ ಸುಳಿವು ಕಾಣುವವರೆಗೆ. ಪೀಟಾದ ಒಂದೇ ಪದರ ಆದರೆ ಸುಮಾರು 8 ನಿಮಿಷ. ಆಮೇಲೆ ಓವನ್ ಆರಿಸಿ, ಬಾಗಿಲನ್ನು ಎರಡು ಬೆರಳು ತೆರೆದಿಟ್ಟು, ಟ್ರೇಯನ್ನು ಒಳಗೇ 10 ನಿಮಿಷ ಬಿಡುವುದು. ಬಿಸಿ ಇಳಿಯುತ್ತಾ ಬರುವುದರಿಂದ ಬಣ್ಣ ಹೆಚ್ಚು ಏರುವುದಿಲ್ಲ. ಉಳಿದ ನೀರು ಮಾತ್ರ ನಿಧಾನವಾಗಿ ಹೋಗುತ್ತದೆ. ತೆರೆದ ಬಾಗಿಲಿನಿಂದ ಹಬೆ ಹೊರಗೆ ಹೋಗಲು ದಾರಿಯೂ ಸಿಗುತ್ತದೆ.

ಯಾವ ರೊಟ್ಟಿ, ಎಷ್ಟು ದಪ್ಪ

ದಪ್ಪ ಇಲ್ಲಿ ದೊಡ್ಡ ಸಂಗತಿ. ನೀರು ಒಳಗಿನಿಂದ ಮೇಲ್ಮೈಗೆ ನಡೆದು ಬರಬೇಕು. ದಪ್ಪ ಎರಡರಷ್ಟಾದರೆ ಒಣಗುವ ಸಮಯವೂ ಎರಡರಷ್ಟಾಗಬೇಕು ಅಲ್ವಾ ಅನಿಸಬಹುದು. ಆದರೆ ಆ ನಡಿಗೆಯೇ ನಿಧಾನವಾದಾಗ ಸಮಯ ನಾಲ್ಕರಷ್ಟಕ್ಕೆ ಹತ್ತಿರ ಹೋಗುತ್ತದೆ. ಪೀಟಾವನ್ನು ಎರಡು ಪದರವಾಗಿ ಬಿಡಿಸಿ ಎಂದು ಹೇಳುವುದರ ಹಿಂದೆ ಇರುವುದು ಈ ಲೆಕ್ಕ. ಪೀಟಾ ಜೋರು ಬಿಸಿಯಲ್ಲಿ ಬೇಯುವಾಗ ಒಳಗಿನ ಹಬೆ ಅದನ್ನು ಉಬ್ಬಿಸಿ ಜೇಬು ಮಾಡಿರುತ್ತದೆ. ಅಂಚಿನ ಸುತ್ತ ಕತ್ತರಿ ಆಡಿಸಿದರೆ ಎರಡು ತೆಳು ಬಿಲ್ಲೆಗಳು ಸಿಗುತ್ತವೆ. ಬಿಡಿಸದೆ ಇಟ್ಟರೆ ಹೊರಪದರ ಆಗಿ, ಒಳಗೆ ಹಬೆ ಸಿಕ್ಕಿಕೊಂಡು ಮೆತ್ತಗೆ ಉಳಿಯುತ್ತದೆ.

ತೆಳು ಲವಾಶ್ 5ರಿಂದ 7 ನಿಮಿಷಕ್ಕೇ ಆಗಿಬಿಡುತ್ತದೆ. ಮೆಕ್ಕೆಜೋಳದ ಟಾರ್ಟಿಲಾಗೆ 12ರಿಂದ 15 ನಿಮಿಷ ಹಿಡಿಯುತ್ತದೆ. ದಪ್ಪ ನಾನ್ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದನ್ನು ಬೆಣ್ಣೆ ಸವರಿ ಹಾಗೇ ತಿನ್ನುವುದು ಮೇಲು.

ಚಪಾತಿಯ ಬಗ್ಗೆ ಒಂದು ಮಾತು. ಹುದುಗು ಇಲ್ಲದ ಹಿಟ್ಟಿನಿಂದ ಮಾಡಿದ್ದರಿಂದ ಅದರಲ್ಲಿ ಸಣ್ಣ ಗಾಳಿಗುಳ್ಳೆಗಳು ಕಡಿಮೆ. ಗರಿಗರಿ ಎಂಬ ಅನುಭವಕ್ಕೆ ಆ ಗುಳ್ಳೆಗಳು ಬಹಳ ಮುಖ್ಯ. ಕಚ್ಚಿದಾಗ ಅವುಗಳ ತೆಳು ಗೋಡೆಗಳು ಒಂದರ ಹಿಂದೆ ಒಂದು ಪಟಪಟನೆ ಒಡೆಯುತ್ತವೆ. ಗುಳ್ಳೆಗಳೇ ಇಲ್ಲದ ದಟ್ಟ ರೊಟ್ಟಿ ಒಣಗಿದರೆ ಒಂದೇ ಏಟಿಗೆ ಟಕ್ಕೆಂದು ಮುರಿಯುತ್ತದೆ. ಅದು ಗಟ್ಟಿ, ಗರಿಗರಿಯಲ್ಲ. ಆದ್ದರಿಂದ ಚಪಾತಿ ಚಿಪ್ಸ್‌ಗೆ ಆದಷ್ಟು ತೆಳುವಾಗಿ ಲಟ್ಟಿಸಿದ್ದೇ ಬೇಕು. ಪದರ ಪದರವಾಗಿ ಎಣ್ಣೆ ಹಚ್ಚಿ ಮಡಚಿದ್ದಾದರೆ ಇನ್ನೂ ಒಳ್ಳೆಯದು. ಬೇಯುವಾಗ ಉಬ್ಬುತ್ತಿದ್ದರೆ ಮೊದಲೇ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ.

ಗರಿಗರಿಯ ಅರ್ಧ ಪಾಲು ಕಿವಿಯಲ್ಲಿದೆ ಎನ್ನುವುದೂ ನಿಜ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮಾಸ್ಸಿಮಿಲಿಯಾನೊ ಜಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಹೆಡ್‌ಫೋನ್ ಹಾಕಿಕೊಂಡು ಆಲೂಗಡ್ಡೆ ಚಿಪ್ಸ್ ಕಚ್ಚಿದರು. ಕಚ್ಚುವ ಸದ್ದನ್ನು ಜೋರು ಮಾಡಿ ಕೇಳಿಸಿದಾಗ, ಅಥವಾ ಅದರ ಕೀಚಲು ಭಾಗವನ್ನಷ್ಟೇ ಹೆಚ್ಚಿಸಿದಾಗ, ಅಂಥವೇ ಚಿಪ್ಸ್ ಅವರಿಗೆ ಹೆಚ್ಚು ಗರಿಗರಿ, ಹೆಚ್ಚು ತಾಜಾ ಅನಿಸಿದವು. ನಮಗೂ ಇದರಿಂದ ಒಂದು ಉಪಯೋಗ ಇದೆ. ತಣಿದ ತುಂಡನ್ನು ಉಗುರಿನಿಂದ ತಟ್ಟಿ ನೋಡಿ. ತೆಳುವಾದ, ಕೀರಲು ಟಿಕ್ ಸದ್ದು ಬಂದರೆ ಒಣಗಿದೆ. ಮಂದವಾದ ಸದ್ದು ಬಂದರೆ ನೀರು ಇನ್ನೂ ಇದೆ.

ತಾಜಾ ರೊಟ್ಟಿಗಿಂತ ತಂಗಳು ರೊಟ್ಟಿಯೇ ಚಿಪ್ಸ್‌ಗೆ ಸರಿ. ಸುಮ್ನೆ ಉಳಿದದ್ದನ್ನು ಮುಗಿಸಲು ಹೇಳುವ ಮಾತಲ್ಲ ಇದು. ಬೆಂದ ರೊಟ್ಟಿ ತಣಿದ ಮೇಲೆ ಅದರಲ್ಲಿರುವ ಪಿಷ್ಟದ ಅಣುಗಳು ನಿಧಾನವಾಗಿ ಸಾಲುಗಟ್ಟಿ ಗಟ್ಟಿಯಾಗುತ್ತವೆ. ಬ್ರೆಡ್ ಬಿರುಸಾಗುವುದು ಬರೀ ಒಣಗುವುದರಿಂದ ಅಲ್ಲ, ನೀರು ಹೋಗದಿದ್ದರೂ ಅದು ಬಿರುಸಾಗುತ್ತದೆ ಎಂದು ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ಬುಸ್ಸಿಂಗೋ 1852ರಲ್ಲೇ ತೋರಿಸಿದ್ದರು. ಹೀಗೆ ಬಿರುಸಾದ ರೊಟ್ಟಿ ಕತ್ತರಿಸುವಾಗ ಹಿಸುಕಿಕೊಳ್ಳುವುದಿಲ್ಲ. ಎಣ್ಣೆ ಸವರಿದರೆ ಮುದ್ದೆಯಾಗುವುದಿಲ್ಲ. ತುಂಡುಗಳು ಚಪ್ಪಟೆಯಾಗಿಯೇ ಒಣಗುತ್ತವೆ. ರೊಟ್ಟಿ ತೀರಾ ತಾಜಾ ಇದ್ದರೆ ಕತ್ತರಿಸಿ ಒಂದೆರಡು ಗಂಟೆ ಗಾಳಿಗೆ ಹರಡಿಡಿ, ಅಥವಾ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಬಿರುಸಾಗುವ ಕ್ರಿಯೆ ಫ್ರಿಜ್‌ನ ತಂಪಿನಲ್ಲೇ ಎಲ್ಲಕ್ಕಿಂತ ಬೇಗ ನಡೆಯುತ್ತದೆ.

ತಂಗಳು ಬೇರೆ, ಬೂಸ್ಟು ಬೇರೆ. ರೊಟ್ಟಿಯ ಮೂಲೆಯಲ್ಲಿ ಬೂಸ್ಟು ಕಂಡರೆ ಆ ರೊಟ್ಟಿಯನ್ನು ಇಡಿಯಾಗಿ ಎಸೆಯಿರಿ. ಓವನ್‌ನ ಬಿಸಿಗೆ ಬೂಸ್ಟು ಸಾಯುತ್ತದೆ, ಆದರೆ ಕೆಲವು ಬೂಸ್ಟುಗಳು ಬಿಟ್ಟ ವಿಷ ಆ ಬಿಸಿಗೆ ಹಾಳಾಗುವುದಿಲ್ಲ.

ಎಣ್ಣೆ ಎಷ್ಟು ಬೇಕು, ಯಾಕೆ ಬೇಕು

ಎಣ್ಣೆ ಇಲ್ಲದೆಯೂ ಚಿಪ್ಸ್ ಗರಿಗರಿಯಾಗುತ್ತದೆ. ಒಣಗುವುದಕ್ಕೆ ಎಣ್ಣೆ ಬೇಕಿಲ್ಲ. ಆದರೂ ನನ್ನ ಮಟ್ಟಿಗೆ ಎಣ್ಣೆ ಬಿಡುವುದು ಸರಿಯಲ್ಲ. ಕಾರಣ ಮೂರು. ಎಣ್ಣೆ ಟ್ರೇಯ ಬಿಸಿಯನ್ನು ರೊಟ್ಟಿಯ ಏರುಪೇರು ಮೇಲ್ಮೈಗೆಲ್ಲ ಸಮನಾಗಿ ಮುಟ್ಟಿಸುತ್ತದೆ, ಹಾಗಾಗಿ ಬಣ್ಣ ತೇಪೆ ತೇಪೆಯಾಗಿ ಬರುವುದಿಲ್ಲ. ಮಸಾಲೆಯನ್ನು ಹಿಡಿದಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೆಣಸಿನಕಾಯಿಯ ಖಾರ, ಅದರ ಕೆಂಪು ಬಣ್ಣ, ಜೀರಿಗೆಯ ಘಮ ಎಲ್ಲವೂ ಕರಗುವುದು ಎಣ್ಣೆಯಲ್ಲಿ. ಎಣ್ಣೆ ಇಲ್ಲದ ಚಿಪ್ಸ್ ಮೇಲೆ ಮಸಾಲೆ ಎಷ್ಟೇ ಹಾಕಿದರೂ ಅದು ಬಾಯಿಗೆ ಪುಡಿಯಾಗಿಯೇ ಸಿಗುತ್ತದೆ.

ಪ್ರಮಾಣದ ಲೆಕ್ಕ ಸರಳ. ಮೇಲಿನ ನಾಲ್ಕು ಪೀಟಾಕ್ಕೆ ಒಂದು ಟೇಬಲ್ ಚಮಚ ಹಾಕಿದರೆ ಸಿದ್ಧವಾದ ಚಿಪ್ಸ್‌ನಲ್ಲಿ ಎಣ್ಣೆ ಶೇ. 7-8ರಷ್ಟು ಇರುತ್ತದೆ. ಎರಡು ಚಮಚ ಹಾಕಿದರೆ ಶೇ. 14ರಷ್ಟು. ಕರಿದ ಟಾರ್ಟಿಲಾ ಚಿಪ್ಸ್‌ನಲ್ಲಿ ಸಾಮಾನ್ಯವಾಗಿ ಶೇ. 20ರಿಂದ 25ರಷ್ಟು ಎಣ್ಣೆ ಇರುತ್ತದೆ, ಆಲೂಗಡ್ಡೆ ಚಿಪ್ಸ್‌ನಲ್ಲಿ ಇನ್ನೂ ಹೆಚ್ಚು. ಒಂದು ಚಮಚಕ್ಕೂ ಎರಡು ಚಮಚಕ್ಕೂ ರುಚಿಯಲ್ಲಿ ವ್ಯತ್ಯಾಸ ತಿಳಿಯುತ್ತದೆ. ಎರಡಕ್ಕಿಂತ ಮೇಲೆ ಹೋದರೆ ರುಚಿ ಹೆಚ್ಚುವುದಿಲ್ಲ, ಬೆರಳಿಗೆ ಜಿಡ್ಡು ಮಾತ್ರ ಹತ್ತುತ್ತದೆ. ಒಂದೂವರೆ ಚಮಚ ನನಗೆ ಸರಿ ಅನಿಸಿದ ಅಳತೆ. 180 ಡಿಗ್ರಿಗೆ ಅಡುಗೆಯ ಯಾವ ಮಾಮೂಲಿ ಎಣ್ಣೆಯೂ ಆಗುತ್ತದೆ. ತುಪ್ಪವೂ ಚೆನ್ನ. ಬೆಣ್ಣೆಯಲ್ಲಿ ಶೇ. 16-18ರಷ್ಟು ನೀರು, ಜೊತೆಗೆ ಬೇಗ ಕೆಂಪಾಗುವ ಹಾಲಿನ ಅಂಶ ಇರುವುದರಿಂದ ಬೆಣ್ಣೆ ಹಾಕಿದಾಗ ಬಿಸಿಯನ್ನು ಹತ್ತು ಡಿಗ್ರಿ ಇಳಿಸಿಕೊಳ್ಳಿ.

ಸವರುವ ರೀತಿಯಲ್ಲಿ ಒಂದು ಸೂಕ್ಷ್ಮ ಇದೆ. ತುಂಡುಗಳನ್ನು ಪಾತ್ರೆಗೆ ಹಾಕಿ ಎಣ್ಣೆ ಸುರಿದು ಕಲಸಿದರೆ ಮೊದಲು ಎಣ್ಣೆ ಬಿದ್ದ ಎರಡು ಮೂರು ತುಂಡುಗಳೇ ಅದನ್ನು ಕುಡಿದುಬಿಡುತ್ತವೆ, ಉಳಿದವಕ್ಕೆ ಸಿಗುವುದಿಲ್ಲ. ಕತ್ತರಿಸುವ ಮುಂಚೆಯೇ ಇಡೀ ರೊಟ್ಟಿಗೆ ಬ್ರಷ್‌ನಿಂದ ಸವರಿ. ಪೀಟಾ ಆದರೆ ಒಳಬದಿಗೆ, ಅಂದರೆ ಜೇಬಿನ ಒಳಗಿದ್ದ ಒರಟು ಮೈಗೆ. ಬ್ರಷ್ ಎಳೆದಂತೆ ಒರಟು ಮೈ ಎಣ್ಣೆಯನ್ನು ಹೀರುವುದು ಕಾಣಿಸುತ್ತದೆ. ಮೊದಲು ಹೊಳೆಯುತ್ತದೆ, ಕೆಲವೇ ಕ್ಷಣದಲ್ಲಿ ಹೊಳಪು ಹೋಗಿ ಬಣ್ಣ ತುಸು ಗಾಢವಾಗುತ್ತದೆ. ಅಂಚಿನವರೆಗೂ ಹೀಗಾಗಬೇಕು. ನಯವಾದ ಹೊರಮೈಗೆ ಬ್ರಷ್‌ನಲ್ಲಿ ಉಳಿದದ್ದನ್ನು ಒಮ್ಮೆ ಎಳೆದರೆ ಸಾಕು. ಮಸಾಲೆ ಉದುರಿಸಿದ ಮೇಲೆ ರೊಟ್ಟಿಯನ್ನು ಅಂಗೈಯಿಂದ ಹಗುರವಾಗಿ ಒತ್ತಿ. ಆಮೇಲೆ ಕತ್ತರಿ ಅಥವಾ ಪಿಜ್ಜಾ ಕಟರ್‌ನಿಂದ ಎಂಟು ತುಂಡು ಮಾಡಿ. ತುದಿ ಸೀಯುವುದು ಬೇಡ ಅನಿಸಿದರೆ ತ್ರಿಕೋನದ ಬದಲು ಚೌಕ ಮಾಡಬಹುದು.

ಟ್ರೇ ಮೇಲೆ ಒಂದೇ ಪದರ, ಒಂದಕ್ಕೊಂದು ತಾಗದ ಹಾಗೆ. ಒತ್ತೊತ್ತಾಗಿ ತುಂಬಿದರೆ ಒಂದರ ಹಬೆ ಇನ್ನೊಂದನ್ನು ಒದ್ದೆ ಮಾಡುತ್ತದೆ. ಕಪ್ಪು ಟ್ರೇ ಬಿಸಿಯನ್ನು ಜಾಸ್ತಿ ಹೀರುವುದರಿಂದ ತಳ ಬೇಗ ಕೆಂಪಾಗುತ್ತದೆ, ಅಂಥದ್ದಕ್ಕೆ ಬೇಕಿಂಗ್ ಪೇಪರ್ ಹಾಸಿ. ಅರ್ಧ ಸಮಯಕ್ಕೆ ಟ್ರೇಯನ್ನು ಹಿಂದುಮುಂದು ಮಾಡಿ. ಫ್ಯಾನ್ ಇರುವ ಓವನ್ ಆದರೆ 20 ಡಿಗ್ರಿ ಕಡಿಮೆ ಇಡಿ. ಏರ್ ಫ್ರೈಯರ್‌ನಲ್ಲಿ 160 ಡಿಗ್ರಿ, 5ರಿಂದ 7 ನಿಮಿಷ ಸಾಕು. ಆದರೆ ಅದರ ಗಾಳಿಗೆ ತೆಳು ತುಂಡುಗಳು ಹಾರಿ ಮೇಲಿನ ಬಿಸಿ ಸರಳಿಗೆ ತಾಗಬಹುದು. ಮೇಲೆ ಒಂದು ಜಾಲರಿ ಇಡುವುದು ಕ್ಷೇಮ.

ಮಸಾಲೆಗೂ ಸಮಯ ಇದೆ

ಎಲ್ಲ ಮಸಾಲೆಯನ್ನೂ ಒಟ್ಟಿಗೆ ಹಾಕುವುದು ರೂಢಿ. ಚಿಪ್ಸ್ ಕಹಿಯಾಗುವುದು ಬಹುತೇಕ ಅಲ್ಲೇ. ರೊಟ್ಟಿ ಸೀದಿರುವುದಿಲ್ಲ, ಮಸಾಲೆ ಸೀದಿರುತ್ತದೆ. ಪುಡಿ ಎಷ್ಟು ನುಣುಪೋ, ಅದರಲ್ಲಿ ಸಕ್ಕರೆ ಅಂಶ ಎಷ್ಟು ಜಾಸ್ತಿಯೋ, ಅಷ್ಟು ಬೇಗ ಸೀಯುತ್ತದೆ.

ಉಪ್ಪಿಗೆ ಈ ಭಯ ಇಲ್ಲ, ಅದು ಸೀಯುವುದೂ ಇಲ್ಲ, ಹಾರುವುದೂ ಇಲ್ಲ. ಅದರ ಸಮಸ್ಯೆ ಬೇರೆ, ಹರಳು ದಪ್ಪ ಇದ್ದರೆ ಉದುರಿ ಟ್ರೇಯಲ್ಲೇ ಉಳಿಯುತ್ತದೆ. ಮಿಕ್ಸಿಯಲ್ಲೋ ಕುಟ್ಟಾಣಿಯಲ್ಲೋ ಹಿಟ್ಟಿನಷ್ಟು ನುಣ್ಣಗೆ ಮಾಡಿ ಹಾಕಿ. ನುಣ್ಣಗಿನ ಉಪ್ಪು ನಾಲಿಗೆ ಮೇಲೆ ಬೇಗ ಕರಗುವುದರಿಂದ ಕಡಿಮೆ ಹಾಕಿದರೂ ಜಾಸ್ತಿ ಹಾಕಿದ ರುಚಿ. ನಾಲ್ಕು ಪೀಟಾಕ್ಕೆ ಕಾಲು ಟೀ ಚಮಚದಿಂದ ಶುರು ಮಾಡಿ. ಕೊಂಡ ರೊಟ್ಟಿಯಲ್ಲಿ ಆಗಲೇ ಉಪ್ಪು ಇರುತ್ತದೆ, ನೀರು ಹೋದ ಮೇಲೆ ಆ ಉಪ್ಪು ಇನ್ನೂ ಎದ್ದು ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಅದು ಒಂದು ಟೀ ಚಮಚಕ್ಕೂ ತುಸು ಕಡಿಮೆಯೇ.

ಜೀರಿಗೆ, ಎಳ್ಳು, ಕುಟ್ಟಿದ ಕಾಳುಮೆಣಸು, ಒಣ ಒರೆಗಾನೊ, ಥೈಮ್ ಇವೆಲ್ಲ ಮೊದಲಿನಿಂದಲೇ ಇರಬಹುದು. 175 ಡಿಗ್ರಿಯಲ್ಲಿ ಹತ್ತು ನಿಮಿಷ ಇವಕ್ಕೆ ಒಳ್ಳೆಯದೇ, ಹುರಿದ ಹಾಗಾಗುತ್ತದೆ. ಎಳ್ಳು ಮತ್ತು ಇಡೀ ಜೀರಿಗೆ ಎಣ್ಣೆಗೆ ಅಂಟಿದರೂ ತಣಿದ ಮೇಲೆ ಉದುರುತ್ತವೆ. ಮೊಟ್ಟೆಯ ಬಿಳಿ ತಿನ್ನುವವರು ಅದನ್ನು ತೆಳುವಾಗಿ ಸವರಿ ಅದರ ಮೇಲೆ ಎಳ್ಳು ಹಾಕಿದರೆ ಗಟ್ಟಿಯಾಗಿ ಕೂರುತ್ತದೆ.

ಖಾರದ ಪುಡಿ, ಪ್ಯಾಪ್ರಿಕಾ ನಡುವಿನ ಜಾತಿ. ಒಣ ಪುಡಿಯಾಗಿ ಮೇಲೆ ಉದುರಿಸಿದರೆ ಕಪ್ಪಾಗಿ, ಓವನ್ ಬಾಗಿಲು ತೆರೆದಾಗ ಮನೆಮಂದಿಗೆಲ್ಲ ಕೆಮ್ಮು ಬರುತ್ತದೆ. ಎಣ್ಣೆಯಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು ಸವರಿದರೆ ಬಣ್ಣ, ಖಾರ ಎರಡೂ ಎಣ್ಣೆಗಿಳಿದು ಎಲ್ಲ ಕಡೆ ಸಮನಾಗಿ ಹರಡುತ್ತದೆ, ಸೀಯುವುದೂ ಕಡಿಮೆ.

ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ಎರಡನ್ನೂ ಮೊದಲೇ ಹಾಕಲೇಬೇಡಿ. ಇವುಗಳಲ್ಲಿ ಸಕ್ಕರೆ ಅಂಶ ಜಾಸ್ತಿ, ನುಣುಪೂ ಹೌದು. ಚಿಪ್ಸ್‌ಗೆ ಬಣ್ಣ ಬರುವ ಮೊದಲೇ ಇವು ಕಂದು ತಿರುಗಿ ಕಹಿಯಾಗುತ್ತವೆ. ಓವನ್ ಆರಿಸಿದ ಕೂಡಲೇ, ಚಿಪ್ಸ್ ಇನ್ನೂ ಸುಡುತ್ತಿರುವಾಗ ಮೇಲೆ ಉದುರಿಸಿ ಮತ್ತೆ ಒಳಗಿಡಿ. ಆರುತ್ತಿರುವ ಬಿಸಿ ಅದರ ಹಸಿ ವಾಸನೆಯನ್ನಷ್ಟೇ ತೆಗೆಯುತ್ತದೆ. ಹಸಿ ಬೆಳ್ಳುಳ್ಳಿಯ ರುಚಿಯೇ ಬೇಕೆಂದರೆ ಜಜ್ಜಿ ಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿ, ಚೂರುಗಳನ್ನು ಸೋಸಿ ಎಣ್ಣೆ ಮಾತ್ರ ಬಳಸಿ. ಈ ಎಣ್ಣೆಯನ್ನು ಅಂದೇ ಮುಗಿಸಿ. ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನು ಹೊರಗೆ ದಿನಗಟ್ಟಲೆ ಇಟ್ಟರೆ ಬೊಟುಲಿಸಂ ಎಂಬ ಅಪಾಯದ ವಿಷಬಾಧೆಗೆ ದಾರಿ ಆಗಬಹುದು.

ಚೀಸ್ ಹಾಕುವುದಾದರೆ ಪಾರ್ಮೆಸನ್‌ನಂಥ ಗಟ್ಟಿ, ನೀರು ಕಡಿಮೆ ಇರುವ ಚೀಸ್ ತುರಿದು ಕೊನೆಯ 3 ನಿಮಿಷಕ್ಕೆ ಹಾಕಿ. ಮೆತ್ತನೆಯ ಚೀಸ್‌ನಿಂದ ನೀರು ಬಿಟ್ಟು ಚಿಪ್ಸ್ ಮತ್ತೆ ನೆನೆಯುತ್ತದೆ. ಹುಳಿಗೂ ಇದೇ ಮಾತು. ನಿಂಬೆರಸ ಹಿಂಡಿದರೆ ಅಷ್ಟೂ ಹೊತ್ತು ಓಡಿಸಿದ ನೀರನ್ನು ವಾಪಸ್ ಕರೆದಂತೆ. ಒಣ ಹುಳಿಗಳಾದ ಆಮ್ಚೂರ್, ಸುಮಾಕ್ ಅಥವಾ ಚಿಟಿಕೆ ಸಿಟ್ರಿಕ್ ಆಸಿಡ್ ಪುಡಿಯನ್ನು ಹೊರಗೆ ತೆಗೆದ ಮೇಲೆ ಹಾಕಿ. ಸಿಹಿ ಚಿಪ್ಸ್‌ಗೆ ದಾಲ್ಚಿನ್ನಿ ಸಕ್ಕರೆ ಹಾಕುವವರು ಸಕ್ಕರೆಯನ್ನು ತೆಳುವಾಗಿ ಉದುರಿಸಿ, 165 ಡಿಗ್ರಿ ದಾಟಬೇಡಿ.

ಎಷ್ಟು ಕೆಂಪಾದರೆ ಸಾಕು

ಚೆನ್ನಾಗಿ ಕೆಂಪಾದಷ್ಟೂ ರುಚಿ ಅನ್ನುವವರಿದ್ದಾರೆ. ಇದರಲ್ಲಿ ಆರೋಗ್ಯದ ಮಾತೂ ಸೇರಿದೆ. ಹಿಟ್ಟಿನ ಪದಾರ್ಥಗಳನ್ನು 120 ಡಿಗ್ರಿಗಿಂತ ಮೇಲೆ ಬಿಸಿ ಮಾಡಿದಾಗ ಆಸ್ಪರಜೀನ್ ಎಂಬ ಅಮೈನೋ ಆಮ್ಲ ಮತ್ತು ಸಕ್ಕರೆ ಸೇರಿ ಅಕ್ರಿಲಮೈಡ್ ಎಂಬ ರಾಸಾಯನಿಕ ಹುಟ್ಟುತ್ತದೆ. ಆಹಾರದಲ್ಲಿ ಇದು ಇದೆ ಎಂದು ಸ್ವೀಡನ್‌ನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಯಾನ್ಸರ್‌ಗೆ ಕಾರಣವಾದದ್ದರಿಂದ ಇದನ್ನು ಆದಷ್ಟು ಕಡಿಮೆ ಮಾಡುವುದು ಒಳ್ಳೆಯದು ಎನ್ನುತ್ತಾರೆ. ಐರೋಪ್ಯ ಒಕ್ಕೂಟವಂತೂ ಆಹಾರ ತಯಾರಕರು ಇದನ್ನು ತಗ್ಗಿಸಬೇಕೆಂದು 2017ರಲ್ಲಿ ನಿಯಮವನ್ನೇ ತಂದಿದೆ. ತಪ್ಪಿಸುವುದು ಕಷ್ಟವಲ್ಲ. ಬಣ್ಣ ಗಾಢವಾದಷ್ಟೂ ಅಕ್ರಿಲಮೈಡ್ ಹೆಚ್ಚು, ಹಾಗಾಗಿ ತೆಳು ಹೊಂಬಣ್ಣದಲ್ಲೇ ನಿಲ್ಲಿಸಿ ಉಳಿದದ್ದನ್ನು ಕಡಿಮೆ ಬಿಸಿಯಲ್ಲಿ ಒಣಗಿಸುವ ಎರಡು ಹಂತದ ದಾರಿಯೇ ಇಲ್ಲೂ ಸರಿ. ತವುಡು ಸಹಿತವಾದ ಇಡೀ ಗೋಧಿಯ ಹಿಟ್ಟಿನಲ್ಲಿ ಆಸ್ಪರಜೀನ್ ಮೈದಾಕ್ಕಿಂತ ಜಾಸ್ತಿ. ಅಂಥ ರೊಟ್ಟಿಯ ಬಣ್ಣ ಮೊದಲೇ ಕಂದು ಇರುವುದರಿಂದ ಕಣ್ಣನ್ನು ನಂಬಿ ಕೂತರೆ ದಾರಿ ತಪ್ಪುತ್ತದೆ. ಗಡಿಯಾರ ನೋಡಿ, ಒಂದು ತುಂಡು ತೆಗೆದು ತಣಿಸಿ ಮುರಿದು ನೋಡಿ.

ತಣಿಸಿ ಎಂದದ್ದಕ್ಕೆ ಕಾರಣ ಇದೆ. ಬಿಸಿ ಇರುವಾಗ ಒಣಗಿದ ಚಿಪ್ಸ್ ಕೂಡ ಸ್ವಲ್ಪ ಬಗ್ಗುತ್ತದೆ. ನೀರಿನ ಹಾಗೆ ಬಿಸಿಯೂ ಆ ಅಣುಗಳನ್ನು ಸಡಿಲ ಮಾಡುತ್ತದೆ. ಓವನ್‌ನಿಂದ ಈಗಷ್ಟೇ ತೆಗೆದದ್ದನ್ನು ಮುರಿದು ನೋಡಿ ಆಗಿಲ್ಲ ಎಂದು ಮತ್ತೆ ಐದು ನಿಮಿಷ ಇಟ್ಟರೆ ಸೀಯುವುದು ಖಂಡಿತ. ಎರಡು ನಿಮಿಷ ತಂತಿ ಜಾಲರಿಯ ಮೇಲಿಟ್ಟು ಆಮೇಲೆ ಮುರಿಯಿರಿ. ಜಾಲರಿ ಯಾಕೆಂದರೆ ತಟ್ಟೆಯಲ್ಲಿ ರಾಶಿ ಹಾಕಿದರೆ ಉಳಿದ ಹಬೆ ಕೆಳಗಿನ ತುಂಡುಗಳಿಗೇ ಇಳಿಯುತ್ತದೆ.

ಡಬ್ಬಿಯೊಳಗೆ

ಒಣಗಿದ ಚಿಪ್ಸ್‌ಗೆ ನೀರಿನ ದಾಹ ಜಾಸ್ತಿ. ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ತೆರೆದ ಬಟ್ಟಲಿನಲ್ಲಿಟ್ಟರೆ ಒಂದೆರಡು ಗಂಟೆಯಲ್ಲೇ ಗರಿ ಹೋಗುತ್ತದೆ. ಪೂರ್ತಿ ತಣಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ. ಡಬ್ಬಿಯ ಗಾತ್ರ ಚಿಪ್ಸ್‌ಗೆ ತಕ್ಕಷ್ಟೇ ಇರಲಿ, ಖಾಲಿ ಜಾಗದ ಗಾಳಿಯಲ್ಲೂ ತೇವ ಇರುತ್ತದೆ. ಫ್ರಿಜ್ ಬೇಡ. ಹೊರಗೆ ತೆಗೆದಾಗ ತಂಪು ಚಿಪ್ಸ್ ಮೇಲೆ ನೀರು ಕೂರುತ್ತದೆ.

ಹೀಗಿಟ್ಟರೆ ಒಂದು ವಾರ, ಚೆನ್ನಾಗಿ ಒಣಗಿದ್ದರೆ ಎರಡು ವಾರ ಬರುತ್ತದೆ. ಅಷ್ಟರಲ್ಲಿ ಕೆಡುವುದು ರೊಟ್ಟಿಯಲ್ಲ, ಎಣ್ಣೆ. ಗಾಳಿ ಬೆಳಕು ತಾಗಿದ ಎಣ್ಣೆಗೆ ಕಮಟು ವಾಸನೆ ಬರುತ್ತದೆ. ಬೆಳಕಿಗೆ ಮೆಣಸಿನ ಕೆಂಪೂ ಮಾಸುತ್ತದೆ. ಕತ್ತಲ ಕಪಾಟು, ಅಥವಾ ಬೆಳಕು ಹಾಯದ ಡಬ್ಬಿ ಆದರೆ ಒಳ್ಳೆಯದು. ಚೀಸ್ ಹಾಕಿದ್ದನ್ನು ಎರಡು ಮೂರು ದಿನದಲ್ಲಿ ಮುಗಿಸಿ.

ಮೆತ್ತಗಾದದ್ದನ್ನು ಎಸೆಯಬೇಡಿ, ಕಮಟು ವಾಸನೆ ಇಲ್ಲದಿದ್ದರೆ. 140ರಿಂದ 150 ಡಿಗ್ರಿ ಓವನ್‌ನಲ್ಲಿ 4-5 ನಿಮಿಷ ಇಟ್ಟು ತಣಿಸಿದರೆ ಮತ್ತೆ ಗರಿಗರಿಯಾಗುತ್ತದೆ. ಬಣ್ಣ ಆಗಲೇ ಬಂದಿದೆ, ಈಗ ಬೇಕಿರುವುದು ಒಣಗುವುದಷ್ಟೇ, ಆದ್ದರಿಂದ ಬಿಸಿ ಕಡಿಮೆ. ಮೈಕ್ರೋವೇವ್ ಈ ಕೆಲಸಕ್ಕೆ ಅಷ್ಟು ಸರಿಯಿಲ್ಲ. ಅದರ ಬಿಸಿ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ, ಒಂದು ತುಂಡು ಮೆತ್ತಗೇ ಉಳಿದು ಪಕ್ಕದ್ದು ನಡುವಿನಿಂದ ಸುಡುತ್ತದೆ. ಅದ್ದಿಕೊಂಡು ತಿನ್ನಲು ಏನಾದರೂ ಜೊತೆಗೆ ಇಡುವುದಾದರೆ ಬೇರೆ ಬಟ್ಟಲಲ್ಲಿಡಿ, ಮೇಲೆ ಸುರಿಯಬೇಡಿ. ಹಮ್ಮಸ್‌ನಂಥ ಗಟ್ಟಿ ಅದ್ದಿಗೆಯಲ್ಲಿ ಚಿಪ್ಸ್ ತುಸು ಹೊತ್ತು ತಾಳುತ್ತದೆ, ಟೊಮೆಟೊದ ನೀರು ಬಿಡುವ ಸಾಲ್ಸಾ ಆದರೆ ಅದ್ದಿದ ತಕ್ಷಣ ಬಾಯಿಗೆ ಹಾಕಿಕೊಳ್ಳಬೇಕು.